ಆರು ತಾಸು

ಪಿಯುಸಿ ಮೊದಲ ವರ್ಷದಾಗ ನಂದು ಎಡಗಡೆ ವೃಷಣ ತೆಗೆದ್ರು. ಕ್ಲಾಸಿನ್ಯಾಗ ‘ಅಪೆಂಡಿಕ್ಸ್’ ಅಂತ ಸುದ್ದಿ ಇತ್ತು. ಖರೇ ಏನಂತ ಇವತ್ತು ಬರೀತೀನಿ.

ವೃಷಣಕ್ಕ ರಕ್ತ ಒಯ್ಯೋ ಹುರಿ ಒಮ್ಮೆಲೆ ತಿರುಚಿಕೊಂಡು ರಕ್ತ ನಿಲ್ತೈತಿ. ಇದಕ್ಕ ಟಾರ್ಷನ್ ಅಂತಾರ. 12ರಿಂದ 18ರ ವಯಸ್ಸಿನವರಿಗೆ ಜಾಸ್ತಿ, ನಿದ್ದಿಯೊಳಗೂ ಆಗಬಹುದು. ನೋವು ಶುರುವಾಗಿ 6 ತಾಸಿನೊಳಗ ಆಪರೇಷನ್ ಆದ್ರ ಹೆಚ್ಚಾಗಿ ಉಳಿತೈತಿ. 24 ತಾಸು ದಾಟಿದ್ರ ಉಳಿಯೋದು ಅಪರೂಪ.

ನೋವು ಎಲ್ಲಿ ಅಂತ ನಾನು ಅಪ್ಪಗ ಸ್ಪಷ್ಟ ಹೇಳಿದ್ದೆ. ವಾಂತಿನೂ ಇತ್ತು. ಮೊದಲು ತೋರಿಸಿದಲ್ಲಿ ‘ಗ್ಯಾಸ್’ ಅಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಇಳಕಲ್ಲಿಂದ ಬಾಗಲಕೋಟಿ ಮುಟ್ಟೋದ್ರಾಗ ಮರುದಿನ ಮಧ್ಯಾಹ್ನ.

ಅವ್ವ ಡಾಕ್ಟರಿಗೆ ಕೇಳಿದ್ದು ಒಂದ ಮಾತು: “ಮುಂದ ಇವಗ ಮಕ್ಕಳಾಗ್ತಾವಲ್ರೀ?”

ಇನ್ನೊಂದು ಚಲೋ ಇದ್ರ ಸಾಮಾನ್ಯವಾಗಿ ಅಷ್ಟ ಸಾಕು ಅಂದ್ರು. ಅದೂ ತಿರುಚಬಾರದಂತ ಅದೇ ಆಪರೇಷನ್ನಿನ್ಯಾಗ ಹೊಲಿಗಿ ಹಾಕಿ ನಿಲ್ಲಿಸ್ಯಾರ. ಮುಂದ ವೀರ್ಯ ಪರೀಕ್ಷೆ ಮಾಡಿಸಬಹುದು. ವೀರ್ಯಾಣು ಕಡಿಮಿ ಕಂಡ್ರ ಮೈನಸ್ 196 ಡಿಗ್ರಿ ದ್ರವ ಸಾರಜನಕದಾಗ ಕಾದಿಡೋ ದಾರಿನೂ ಐತಿ. ಕ್ರಿಕೆಟ್ ಆಡುವಾಗ ಈಗ ಗಾರ್ಡ್ ತಪ್ಪಸಂಗಿಲ್ಲ.

ಹುಡುಗರ, ಪೆಟ್ಟು ಬಿದ್ದು ಒಂದು ತಾಸಾದ್ರೂ ನೋವು ಇಳೀಲಿಲ್ಲಾ, ಇಲ್ಲಾ ಪೆಟ್ಟಿಲ್ಲದ ನೋವು ಬಂತಾ, ಬೆಳಗಾಗೋತನಕ ಕಾಯಬ್ಯಾಡ್ರಿ. 108ಕ್ಕ ಫೋನ್ ಹಚ್ರಿ. ನಾಚಿಕಿ ಬಿಟ್ಟು ಬಾಯಿಬಿಟ್ಟು ಕೇಳ್ರಿ: “ಇದು ಟಾರ್ಷನ್ ಇರಬಹುದೇನ್ರಿ?”

ಹಾಸ್ಟೆಲ್ ಗ್ರೂಪಿಗೂ ಕಳಸ್ರಿ.