ಒಂದೇ ಮನೆ, ಎರಡು ಮೂಗು

ರಾಗಿ ಒಕ್ಕಣೆ ಶುರುವಾಯಿತೆಂದರೆ ನಮ್ಮ ಮಗಳಿಗೆ ಸೀನು ಶುರು. ಒಂದೆರಡಲ್ಲ, ಒಂದರ ಹಿಂದೊಂದು ಹತ್ತು ಹದಿನೈದು. ಕಣ್ಣು ಕೆಂಪಗಾಗಿ ತುರಿಸುತ್ತದೆ, ಮೂಗಿನಿಂದ ನೀರು ಸುರಿಯುತ್ತದೆ. ಮಗನದು ಬೇರೆ ಕಥೆ. ಅವನಿಗೆ ಸುಗ್ಗಿಯೂ ಒಂದೇ, ಮಳೆಗಾಲವೂ ಒಂದೇ. ವರ್ಷಪೂರ್ತಿ ಮೂಗು ಕಟ್ಟಿರುತ್ತದೆ. ರಾತ್ರಿ ಬಾಯಿ ತೆರೆದು ಮಲಗುತ್ತಾನೆ, ಗೊರಕೆ ಹೊಡೆಯುತ್ತಾನೆ.

ಇಬ್ಬರಿಗೂ ನಾವು ಹೇಳುತ್ತಿದ್ದದ್ದು ಒಂದೇ ಮಾತು: ಶೀತದ ಮೈ. ಮೊಸರು ನಿಲ್ಲಿಸಿದೆವು, ಬಾಳೆಹಣ್ಣು ನಿಲ್ಲಿಸಿದೆವು. ಮೆಡಿಕಲ್ ಶಾಪಿನಿಂದ ಒಂದೇ ಸಿರಪ್ ತಂದು ಇಬ್ಬರಿಗೂ ಕುಡಿಸಿದೆವು. ಮಗ ಕ್ಲಾಸಿನಲ್ಲಿ ತೂಕಡಿಸತೊಡಗಿದ. "ಹುಡುಗನಿಗೆ ಓದಿನ ಮೇಲೆ ಗಮನವೇ ಇಲ್ಲ" ಅಂತ ಮೇಷ್ಟ್ರು ಹೇಳಿಕಳಿಸಿದರು. ಮನೆಯಲ್ಲಿ ನಾವೂ ಬೈದೆವು. ಅವನು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿಕೊಳ್ಳುತ್ತಾ ಸುಮ್ಮನೆ ನಿಂತಿದ್ದ.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ನೋಡಿದ್ದೇ ಆ ಉಜ್ಜುವುದನ್ನು. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆ ಬಿದ್ದಿತ್ತು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಜ್ವರ ಬರುತ್ತಾ?"

"ಇಲ್ಲ ಸಾರ್."

"ಶೀತ ಆದ್ರೆ ವಾರ, ಹತ್ತು ದಿನದಲ್ಲಿ ಹೋಗುತ್ತಮ್ಮ. ಇದು ಅಲರ್ಜಿ."

ಮಗಳು ಚಿಕ್ಕವಳಿದ್ದಾಗ ಕಣದಲ್ಲೇ ಹೊರಳಾಡಿಕೊಂಡು ಬೆಳೆದವಳು. ಆಗ ಏನೂ ಆಗದ್ದು ಈಗೇಕೆ ಅಂತ ಕೇಳಿದೆವು. ಅವರು ಬಿಡಿಸಿ ಹೇಳಿದರು. ಕೆಲವು ಮಕ್ಕಳ ಮೈ, ಸುಮ್ಮನಿರುವ ದೂಳನ್ನೇ ಶತ್ರು ಅಂತ ತಪ್ಪು ತಿಳಿದು ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಹೀಗೆ ತಯಾರಾಗುವಾಗ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಅದೇ ದೂಳು ಮೂಗಿಗೆ ತಾಗಿದರೆ ಒಳಗಿನ ಕೋಶಗಳು ಹಿಸ್ಟಮಿನ್ ಬಿಡುತ್ತವೆ. ಆಗಲೇ ಸೀನು, ತುರಿಕೆ, ನೀರು. ಪರಾಗದ ಅಲರ್ಜಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಕೆಲವು ವರ್ಷಗಳೇ ಬೇಕು. ಅಪ್ಪನಿಗೋ ಅಮ್ಮನಿಗೋ ಅಲರ್ಜಿ, ಉಬ್ಬಸ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ಒಂದೇ ಮನೆಯ ಇಬ್ಬರಿಗೆ ಒಂದೇ ವಸ್ತು ಆಗದೇ ಇರಬೇಕೆಂದೇನಿಲ್ಲ.

ಯಾವಾಗ, ಎಲ್ಲಿ ಜಾಸ್ತಿ ಅಂತ ಒಂದು ತಿಂಗಳು ಬರೆದಿಡಲು ಹೇಳಿದರು. ಹಳೇ ನೋಟ್‌ಬುಕ್ಕಿನಲ್ಲಿ ಬರೆದೆವು. ಮಗಳದ್ದು ಕಣದ ಹೊಟ್ಟು, ದೂಳು ಮತ್ತು ಬೇಲಿ ಪಕ್ಕ ಹೂ ಬಿಟ್ಟ ಕಾಂಗ್ರೆಸ್ ಗಿಡ. ಮಗನದ್ದು ಮಲಗಿದಾಗ ಮತ್ತು ಎದ್ದಾಗ. ಅಂದರೆ ಹಾಸಿಗೆ. ಹಳೇ ಹತ್ತಿ ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದಕ್ಕೆ ಆಹಾರ.

ಹಾಸಿಗೆ ಬದಲಾಯಿಸಿದೆವು. ಹೊದಿಕೆ, ದಿಂಬಿನ ಕವರನ್ನು ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುತ್ತೇವೆ. ಅವನಿದ್ದಾಗ ಕಸ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ದಿನವೂ ಹಾಕುತ್ತೇವೆ. ಗುಣ ಕಾಣಲು ಕೆಲವು ದಿನ ಹಿಡಿಯಿತು. ಮಗಳು ಕಣಕ್ಕೆ ಹೋದರೆ ಮೂಗಿಗೆ ಬಟ್ಟೆ ಕಟ್ಟುತ್ತಾಳೆ, ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸುತ್ತಾಳೆ. ಇಬ್ಬರಿಗೂ ಮೊಸರು ವಾಪಸ್ ಬಂತು.

ಡಾಕ್ಟರು ಹೇಳಿದ ಎರಡು ಮಾತು ನಿಮಗೂ ಹೇಳಬೇಕು. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ಕೀವು ಬಂದರೆ ಅದು ಅಲರ್ಜಿಯಲ್ಲ. ಮಣಿಯೋ ಕಾಳೋ ಸಿಕ್ಕಿಕೊಂಡಿರಬಹುದು. ಉಸಿರಾಡುವಾಗ ಎದೆಯಲ್ಲಿ ಸುಂಯ್ ಸುಂಯ್ ಅಂದರೆ ಉಬ್ಬಸ ಇರಬಹುದು. ಎರಡಕ್ಕೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಅಲರ್ಜಿ ಪೂರ್ತಿ ಹೋಗಿಲ್ಲ. ಆದರೆ ಮಗ ಈಗ ಬಾಯಿ ಮುಚ್ಚಿ ಮಲಗುತ್ತಾನೆ, ಕ್ಲಾಸಿನಲ್ಲಿ ತೂಕಡಿಸುವುದಿಲ್ಲ. ನಿದ್ದೆಗೆಟ್ಟ ಮಗುವನ್ನು ನಾವು ದಡ್ಡ ಅಂದುಕೊಂಡಿದ್ದೆವು. ಅವತ್ತು ಬೈದದ್ದನ್ನು ಅವನು ಮರೆತಿದ್ದಾನೆ. ನಾವು ಮರೆತಿಲ್ಲ.