ತಾಲೀಮಿನ ಮಾತು

ಮೆಣಸಗಿಯಂಥ ಮಲಪ್ರಭೆ ದಂಡೆಯ ಊರುಗಳಲ್ಲಿ ದೊಡ್ಡಾಟವೆಂದರೆ ಬೆಳತನಕದ ಹಬ್ಬ. ನನಗೋ ಆಟಕ್ಕಿಂತ ಅದರ ತಾಲೀಮಿನ ಮೇಲೆಯೇ ಪ್ರೀತಿ ಹೆಚ್ಚು. ಭುಜಕೀರ್ತಿ, ಕಿರೀಟ ತೊಟ್ಟು ಅಟ್ಟ ಏರಿದ ದುರ್ಯೋಧನ ಆಗಲೇ ಸಿದ್ಧವಾದವನು. ತಾಲೀಮಿನಲ್ಲಿ ಹಾಗಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಮನುಷ್ಯ, ಧೋತರ ಎತ್ತಿ ಕಟ್ಟಿ, ಕಣ್ಣೆದುರೇ ದುರ್ಯೋಧನನಾಗಲು ಹೆಣಗುತ್ತಾನೆ. ಗುಡಿಯ ಕಂಬಕ್ಕೆ ಒರಗಿ ಆ ಹೆಣಗಾಟ ನೋಡುತ್ತ ಕೂತರೆ ನನಗೆ ನಿದ್ದೆಯ ನೆನಪೇ ಆಗುವುದಿಲ್ಲ.

ಅದಕ್ಕಿಂತ ದೊಡ್ಡ ಸುಖ ಆಟ ಕಲಿಸುವ ಮಾಸ್ತರರನ್ನು ಗಮನಿಸುವುದು. ಅವರು ನಡುವೆ ಬಾಯಿ ಹಾಕುವುದಿಲ್ಲ. ಪದ ಮುಗಿಯಬೇಕು, ಕುಣಿತ ಮುಗಿಯಬೇಕು, ಮದ್ದಲೆ ನಿಲ್ಲಬೇಕು. ಆಮೇಲೆ ಒಂದೇ ಮಾತು: “ಸಿಟ್ಟು ದನಿಯೊಳಗ ಬಂತು, ಕಾಲಾಗ ಬರಲಿಲ್ಲ. ಹೆಜ್ಜಿ ಮೊದಲ ಬೀಳಲಿ, ಮಾತು ಹಿಂದಿಂದ ಬರತೈತಿ.” ಅವನು ಮತ್ತೆ ಕುಣಿಯುತ್ತಾನೆ. ಹೆಜ್ಜೆಗೆ ತೂಕ ಬಂದದ್ದೇ ತಡ, ಎದೆ ಸೆಟೆಯುತ್ತದೆ, ಕೈ ತಾನಾಗಿ ಹದಕ್ಕೆ ಬರುತ್ತದೆ. ಹತ್ತು ತಪ್ಪು ಮಾಸ್ತರರಿಗೂ ಕಂಡಿದ್ದವು. ಉಳಿದ ಒಂಬತ್ತು ಯಾವುದಕ್ಕೆ ಜೋತುಬಿದ್ದಿದ್ದವೋ ಅದನ್ನಷ್ಟೇ ಹಿಡಿದರು.

ಪಕ್ಕದಲ್ಲಿ ಮೊಸರಲ್ಲಿ ಕಲ್ಲು ಹುಡುಕುವವರೂ ಇರುತ್ತಾರೆ. “ಒಂದು ಅಕ್ಷರ ನುಂಗಿದ. ಕೈ ಮ್ಯಾಲೆ ಹೋತು. ಹ್ವಾದ ವರ್ಷದ ಭೀಮ ಇವನಂಗ ಇದ್ದಿದ್ದಿಲ್ಲ.” ನನ್ನನ್ನು ಕಾಡುವುದೇನೆಂದರೆ, ಇವರು ಹೇಳುವುದೆಲ್ಲ ನಿಜವೇ ಇರುತ್ತದೆ. ಆದರೆ ಅದನ್ನು ಕೇಳಿಸಿಕೊಂಡವನು ಮುಂದಿನ ಸಲ ಅಕ್ಷರ ಕಾಯುತ್ತ ನಿಲ್ಲುತ್ತಾನೆ. ದುರ್ಯೋಧನ ಅವನನ್ನು ಬಿಟ್ಟು ಹೊರಟುಹೋಗಿರುತ್ತಾನೆ. ಹಾಗಂತ ಮಾಸ್ತರರದು ಮೆತ್ತಗಿನ ಮಾತಲ್ಲ. ಬೈಯುತ್ತಾರೆ, ಸರಿರಾತ್ರಿಯವರೆಗೆ ಒಂದೇ ಪದ ಕುಣಿಸುತ್ತಾರೆ. “ಭಾಳ ಛಲೋ ಆತು” ಎಂದು ಎದ್ದುಹೋಗುವವರಿಗಿಂತ ಆ ಬೈಗುಳವೇ ಕಲಾವಿದನಿಗೆ ಹತ್ತಿರದ್ದು.

ನಮ್ಮ ಗದುಗಿನಲ್ಲೇ 1928ರಲ್ಲಿ ಹುಟ್ಟಿದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ನನಗೆ ಇಂಥ ಮಾಸ್ತರರ ಸಾಲಿನಲ್ಲೇ ಕಾಣುತ್ತಾರೆ. ಕನ್ನಡ ಸಾಹಿತ್ಯದ ಸಮೀಕ್ಷೆ ಬರೆಯುವಾಗ ಅವರು ಒಂದು ಕೊರತೆ ಎತ್ತಿ ತೋರಿಸಿದರು: ಬರ್ನಾರ್ಡ್ ಷಾ ಇತಿಹಾಸವನ್ನು ನಾಟಕವಾಗಿಸಿದ ಬಗೆಯಲ್ಲಿ ನಮ್ಮವರು ಯಾರೂ ಅದನ್ನು ಕೈಗೆತ್ತಿಕೊಂಡಿಲ್ಲ ಎಂದು. ಅದನ್ನು ಓದಿದವರಲ್ಲಿ ಗಿರೀಶ ಕಾರ್ನಾಡರೂ ಒಬ್ಬರು. 1961ರಲ್ಲಿ ‘ಯಯಾತಿ’ ಪ್ರಕಟಿಸಿದ್ದ ಅವರು ಇತಿಹಾಸದತ್ತ ತಿರುಗಿದರು. 1964ರಲ್ಲಿ ‘ತುಘಲಕ್’ ಬಂತು. ಆ ಮಾತೇ ತಮ್ಮನ್ನು ಇತಿಹಾಸಕ್ಕೆ ಎಳೆದದ್ದೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ.

ಬರೆದ ನಾಟಕದ ಹುಳುಕು ಎಣಿಸಲು ಎಷ್ಟು ಹೊತ್ತು? ಇನ್ನೂ ಹುಟ್ಟದ ನಾಟಕದ ಜಾಗ ಖಾಲಿ ಇದೆಯೆಂದು ಕಾಣಬೇಕಾದರೆ ಇರುವ ನಾಟಕಗಳನ್ನೆಲ್ಲ ಮನಸ್ಸಿಟ್ಟು ಓದಿರಬೇಕು. ದೊಡ್ಡಾಟದ ಮಾಸ್ತರರಿಗೂ ಎಲ್ಲ ಪಾತ್ರದ ಪದಗಳು ಬಾಯಿಪಾಠ. ಯಾವನಾದರೂ ಗೈರಾದ ರಾತ್ರಿ ದ್ರೌಪದಿಯಾಗಿ ತಾವೇ ನಿಲ್ಲುತ್ತಾರೆ, ಎದುರಿನ ಹುಡುಗನ ಹೆಜ್ಜೆ ತಪ್ಪದಿರಲೆಂದು.