ಸೋದರಸೊಸೆಯ ಉಮೇದವಾರಿ

ಕಳೆದ ಮೇ ತಿಂಗಳ ಒಂದು ಭಾನುವಾರ ಕಲ್ಯಾಣದಿಂದ ನಮ್ಮ ಅಕ್ಕ, ಭಾವ, ಅವರ ಮಗಳು ಮೂವರೂ ಡೊಂಬಿವಲಿಯ ನಮ್ಮ ಮನೆಗೆ ಬಂದರು. ಮುಖ ನೋಡಿದೊಡನೆಯೇ ಇವರು ಊಟಕ್ಕೆ ಬಂದವರಲ್ಲ, ಪಂಚಾಯಿತಿಗೆ ಬಂದವರು ಎಂದು ನಮಗೆ ತಿಳಿದುಹೋಯಿತು. ಬಳಗದಲ್ಲಿ ಬಿ.ಎ. ಪಾಸಾದ ಸರಕಾರಿ ಗುಮಾಸ್ತನೊಬ್ಬನಿದ್ದರೆ ಅರ್ಜಿ, ಅಫಿಡವಿಟ್ಟು, ಗಂಡಹೆಂಡಿರ ಜಗಳ ಎಲ್ಲಕ್ಕೂ ಅವನೇ ನ್ಯಾಯಾಧೀಶನಲ್ಲವೆ?

ಮೊಕದ್ದಮೆ ಹೀಗಿತ್ತು. ಹುಡುಗಿ ಅನ್ವಯಕಲೆಯ ಮೂರನೆಯ ವರ್ಷದಲ್ಲಿ ಓದುತ್ತಿದ್ದಾಳೆ. ರಜೆಯ ಎರಡು ತಿಂಗಳು ಎಲ್ಲಾದರೂ ಇಂಟರ್ನ್‌ಷಿಪ್ ಮಾಡಬೇಕು. ಜೊತೆಯವರೆಲ್ಲ ಅಂಧೇರಿ, ಲೋವರ್ ಪರಳದ ಜಾಹೀರಾತಿನ ಕಂಪನಿಗಳನ್ನು ಹಿಡಿದರೆ, ಇವಳು ಒಂದು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರವನ್ನು ಹಿಡಿದು ಬಂದಿದ್ದಳು. ಸಂಬಳವಿಲ್ಲ, ರೈಲು ಪಾಸಿನ ಹಣ ಮಾತ್ರ.

"ಮೂರು ವರ್ಷ ಫೀ ತುಂಬಿದ್ದು ದವಾಖಾನಿ ಗ್ವಾಡಿಗೆ ಕಾಗದ ಹಚ್ಚಲಿಕ್ಕೇನು?" ಎಂದರು ಭಾವ.

ಇಂಟರ್ನ್‌ಷಿಪ್ ಎಂಬ ಮಾತಿಗೆ ಹೆದರಬೇಕಾಗಿಲ್ಲ, ಅದು ನಮ್ಮ ಹಳೆಯ ಉಮೇದವಾರಿಯೇ ಎಂದು ನಾವು ಹೇಳಿದೆವು. ಮುಂಬಯಿ ಇಲಾಖೆಯ ಕಾಲದಲ್ಲಿ ಮ್ಯಾಟ್ರಿಕ್ ಆದ ಹುಡುಗರು ಕಚೇರಿಗಳಲ್ಲಿ ಬಿಟ್ಟಿಯಾಗಿ ನಕಲು ಬರೆಯುತ್ತ, ಯಾರಾದರೂ ಪೆನ್ಶನ್ ಹೋದಾರೆಂದು ಬಾಗಿಲು ಕಾಯುತ್ತಿದ್ದರಲ್ಲ, ಅದೇ ಇದು. ಬಳಿಕ ವಾದಕ್ಕೆ ಬಲ ಬರಲೆಂದು ದೊಡ್ಡವರ ಹೆಸರನ್ನೂ ತಂದೆವು. ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ 1857ರಲ್ಲೇ ಸರ್ ಜೆ.ಜೆ. ಕಲಾಶಾಲೆಯೂ ಹುಟ್ಟಿತು; ಅಲ್ಲಿ 1935ರಲ್ಲಿ ವಾಣಿಜ್ಯ ಕಲೆಯ ವರ್ಗ ಆರಂಭವಾಗಿ, 1961ರಲ್ಲಿ ಅನ್ವಯಕಲೆಯ ಸಂಸ್ಥೆಯೇ ಬೇರೆಯಾಯಿತು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಬಂದ ನಮ್ಮ ಕೆ.ಕೆ. ಹೆಬ್ಬಾರರು ಅದೇ ಜೆ.ಜೆ.ಯಲ್ಲಿ ಕಲಿತು ಅಲ್ಲಿಯೇ ಕಲಿಸಿದರು. ನಾವು ದಿನಾಲೂ ಬಿಲ್ಲುಗಳ ಮೇಲೆ ಗೀಚುವ ರೂಪಾಯಿಯ ಗುರುತನ್ನು ರೂಪಿಸಿದ ಡಿ. ಉದಯಕುಮಾರರು ಪೊವಾಯಿಯ ಐ.ಐ.ಟಿ.ಯಲ್ಲಿ ವಿನ್ಯಾಸ ಕಲಿತವರು. ಸರಕಾರ ಅದನ್ನು 2010ರಲ್ಲಿ ಒಪ್ಪಿತು.

"ಹೆಬ್ಬಾರರು ದವಾಖಾನ್ಯಾಗ ಉಮೇದವಾರಿ ಮಾಡಿದ್ರೇನು?" ಎಂದರು ಭಾವ.

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯವರು ಆ ಹೊತ್ತಿಗೆ ಸರಿಯಾಗಿ ಎಲೆ ಹಾಕಿದ್ದರಿಂದ ತೀರ್ಪು ಹುಡುಗಿಯ ಕಡೆಗೇ ಆಯಿತು.

ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರವೆಂದರೆ ನಮಗೆ ನೆನಪಾಗುವುದು ನೆಗಡಿಯ ಮಾತ್ರೆ ಮತ್ತು ಪರೀಕ್ಷೆಯ ಮುಂಚಿನ ಹೊಟ್ಟೆನೋವಿನ ಸರ್ಟಿಫಿಕೇಟು, ಅಷ್ಟೇ. ಆದರೆ ಅಲ್ಲಿಗೆ ವಿದ್ಯಾರ್ಥಿಗಳಷ್ಟೇ ಅಲ್ಲ, ಕ್ಯಾಂಟೀನಿನವರು, ಕಾವಲುಗಾರರು, ಹೊಸ ಹಾಸ್ಟೆಲು ಕಟ್ಟುತ್ತಿದ್ದ ಗಾರೆಯವರು ಎಲ್ಲರೂ ಬರುತ್ತಿದ್ದರಂತೆ. ಗೋಡೆಯ ಮೇಲೆ ಸೂಚನೆಗಳೋ, ಒಂದರ ಮೇಲೊಂದು! ನಮ್ಮ ಹುಡುಗಿ ಮೊದಲ ದಿನ ಅವನ್ನು ಎಣಿಸಿದಳು: 31. ಕೆಲವು ಹಳದಿಯಾಗಿ ಸುರುಳಿ ಸುತ್ತಿಕೊಂಡಿದ್ದವು. ಒಂದಂತೂ ಎಂದೋ ವರ್ಗವಾಗಿ ಹೋದ ವೈದ್ಯರ ವೇಳೆಯನ್ನು ಹೇಳುತ್ತಿತ್ತು. ಇಷ್ಟಿದ್ದರೂ ಬಂದವರೆಲ್ಲ ಔಷಧಿಯ ಕಿಟಕಿಯಲ್ಲಿ ತಲೆ ಹಾಕಿ "ಚೀಟಿ ಎಲ್ಲಿ?" ಎಂದು ಕೇಳುವುದು, ಕಂಪೌಂಡರರು "ಆ ಕಡೆ" ಎಂದು ಕೈ ಬೀಸುವುದು. ಅವಳು ಮೂರು ದಿನ ಬೆಂಚಿನ ಮೇಲೆ ಸುಮ್ಮನೆ ಕುಳಿತು ಇದನ್ನೇ ನೋಡಿದಳಂತೆ. ನಾಲ್ಕನೆಯ ದಿನ ಬಾಗಿಲಿನಿಂದ ಚೀಟಿಯ ಮೇಜಿನವರೆಗೆ ಹಸಿರು ಬಾಣದ ಗುರುತುಗಳನ್ನು ಅಂಟಿಸಿದಳು. ಕಂಪೌಂಡರರ ಕೈಗೆ ಬಿಡುವಾಯಿತು. (ನಮ್ಮ ಕಚೇರಿಯಲ್ಲಿಯೂ ಇಂಥ ಬಾಣ ಬೇಕೆಂದು ನಾವು ಟಿಪ್ಪಣಿ ಬರೆದಿದ್ದೇವೆ. ಫೈಲು ಮೇಲೆ ಹೋಗಿದೆ. ಅದಕ್ಕೂ ಒಂದು ಬಾಣ ಬೇಕಾಗಬಹುದು.)

ಬಳಿಕ ವೈದ್ಯರು ಕ್ಷಯರೋಗದ ಭಿತ್ತಿಪತ್ರ ಮಾಡಲು ಹೇಳಿದರು. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲಿ. ಗಾರೆಯವರಲ್ಲಿ ಬಹಳ ಮಂದಿ ಕಲಬುರಗಿ, ಯಾದಗಿರಿಯವರು, ಅಡಿಗೆಯವನು ಕುಂದಾಪುರದವನು, ಆದ್ದರಿಂದ ಕನ್ನಡವೂ ಇರಲಿ ಎಂದವಳು ಇವಳೇ. ಕೇಳಿ ನಮಗೆ ಎದೆಯುಬ್ಬಿತು. ಆದರೆ ನಮ್ಮ ಸೊಸೆಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಮುಂಬಯಿಯಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದ ನಮ್ಮ ಮಕ್ಕಳ ಪಾಡು ಓದುಗರಿಗೆ ತಿಳಿಯದ್ದಲ್ಲ. ಅವಳು ಮಾತುಗಳನ್ನು ಫೋನಿನ ಅನುವಾದದಿಂದ ಪಡೆದು ಕಂಪ್ಯೂಟರಿನಲ್ಲಿ ಜೋಡಿಸಿದಳು. ಚಿತ್ರ ರಚಿಸುವ ಆ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗಾಗಿ ಇರುವ ಏರ್ಪಾಡನ್ನು ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಒಡೆದುಹೋಗುತ್ತವೆ. ಕಕಾರದ ತಲೆಗೊಂದು ಕೊಂಬು ಬಂದು ಷಕಾರ ಪಕ್ಕಕ್ಕೆ ಸರಿಯಿತು. ಮಾತ್ರೆಯ ರಕಾರ ಅನಾಥವಾಗಿ ನಿಂತಿತು.

ಇದನ್ನು ಅಚ್ಚಿಗೆ ಕೊಡುವ ಮೊದಲು ಅವಳು ನಮಗೆ ಕಳಿಸಿದ್ದಳು. ಸತ್ಯವನ್ನೇ ಹೇಳುತ್ತೇವೆ. ಠಾಣೆಯ ಬಳಿ ಲೋಕಲಿನಲ್ಲಿ ಒಂದು ಕೈ ಹಿಡಿಕೆಗೆ, ಇನ್ನೊಂದು ಕೈ ಫೋನಿಗೆ. ಕೆಂಪು ಬಣ್ಣ ಚೆನ್ನಾಗಿ ಕಂಡಿತು. ಓದದೆ "ಬಹಳ ಚೆನ್ನಾಗಿದೆ" ಎಂದು ಉತ್ತರ ಹಾಕಿ ಫೋನು ಜೇಬಿಗಿಟ್ಟೆವು.

ಇಪ್ಪತ್ತು ಪ್ರತಿಗಳು ಗೋಡೆಗೇರಿದವು. ಕುಂದಾಪುರದ ಅಡಿಗೆಯವನು ಅದರ ಮುಂದೆ ನಿಂತು ತುಸು ಹೊತ್ತು ನೋಡಿ, "ಇದು ತೆಲುಗಾ ತಂಗಿ?" ಎಂದು ಕೇಳಿದನಂತೆ. ಪಾಪ, ಅವನು ಹಾಸ್ಯಕ್ಕೆ ಕೇಳಿದ್ದಲ್ಲ.

ಆ ರಾತ್ರಿ ಅವಳು ನೇರವಾಗಿ ನಮ್ಮ ಮನೆಗೇ ಬಂದಳು. ಅತ್ತಳು. "ಮಾಮಾ, ನೀವು ಛಲೋ ಅದ ಅಂದಿದ್ರಿ" ಎಂದಳು. ಕಚೇರಿಯಲ್ಲಿ ಓದದೆ ಸಹಿ ಹಾಕುವ ಮೇಲಧಿಕಾರಿಗಳನ್ನು ನಾವು ಎಷ್ಟು ಸಲ ಬೈದುಕೊಂಡಿಲ್ಲ!

ಭಾನುವಾರ ಮತ್ತೆ ಎಲ್ಲರೂ ಸೇರಿದರು. ವೈದ್ಯರು ಕೊಟ್ಟ ಹಾಳೆಯನ್ನು ಎದುರಿಗಿಟ್ಟುಕೊಂಡು ನಾವು ಕನ್ನಡದಲ್ಲಿ ಹೊಸದಾಗಿ ಬರೆಯತೊಡಗಿದೆವು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿರಿ. ಪರೀಕ್ಷೆ, ಔಷಧಿ ಸರಕಾರದಿಂದ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಈ ರೋಗ ಗಾಳಿಯಿಂದ ಹರಡುವುದು, ತಟ್ಟೆ ಲೋಟಗಳಿಂದಲ್ಲ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ 1000. ಇವೆಲ್ಲದರ ಮೇಲೆ, ದೊಡ್ಡ ಅಕ್ಷರದಲ್ಲಿ, ನಾವು ಬರೆದದ್ದು: ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ.

"ಮಾಮಾ, ಡಾಕ್ಟರರ ಕಾಗದದಾಗ ಇದು ಎಲ್ಲಾರಕಿಂತ ಕೆಳಗ ಅದ. ನೀವು ಯಾಕ ಮ್ಯಾಲ ಹಾಕಿದ್ರಿ?"

ನಾವು ಪೆನ್ನಿನ ಟೊಪ್ಪಿಗೆ ಹುಡುಕುತ್ತಿರುವವರಂತೆ ನಟಿಸಿದೆವು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದಳು: "ನಿಮ್ಮಜ್ಜ ನಿಲ್ಲಿಸಿದ್ರು, ಅದಕ್ಕ."

ಇಪ್ಪತ್ತೈದು ವರ್ಷಗಳಿಂದ ನಮ್ಮ ಮನೆಯಲ್ಲಿ ಆಡದ ಮಾತು ಅದು. ನಮ್ಮ ತಂದೆಯವರಿಗೆ ರೋಗ ಬಂದದ್ದು 1999ರಲ್ಲಿ. ಆಗ ನಮಗೆ ಹನ್ನೊಂದು ವರ್ಷ. ಕ್ಷಯವೆಂಬ ಶಬ್ದವನ್ನಾಗಲಿ ಶಿವಡಿಯೆಂಬ ಹೆಸರನ್ನಾಗಲಿ ಯಾರೂ ಎತ್ತುತ್ತಿರಲಿಲ್ಲ. "ಎದಿ ಬ್ಯಾನಿ" ಎಂದಷ್ಟೇ. ಮೂರು ತಿಂಗಳಲ್ಲಿ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಅಷ್ಟರಲ್ಲಿ ಅಕ್ಕನನ್ನು ನೋಡಲು ಬೀಗರು ಬಂದುಹೋಗಿ ಮಾಡತೊಡಗಿದರು. ಮಾತ್ರೆಯ ಡಬ್ಬಿ ಅವರ ಕಣ್ಣಿಗೆ ಬಿದ್ದರೆ ಸಂಬಂಧ ಮುರಿದೀತೆಂದು ತಂದೆಯವರು ಅದನ್ನು ಎಸೆದುಬಿಟ್ಟರು. ಮದುವೆ ಚೆನ್ನಾಗಿಯೇ ಆಯಿತು. ರೋಗ ತಿರುಗಿ ಬಂದಾಗ ಮೊದಲಿನ ಔಷಧಿಗೆ ಬಗ್ಗಲಿಲ್ಲ. 2003ರಲ್ಲಿ ಅವರು ತೀರಿಕೊಂಡರು. ಮೊಮ್ಮಗಳು ಹುಟ್ಟಿದ್ದು ಮುಂದಿನ ವರ್ಷ.

ಭಾವ ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟರು. "ನಮ್ಮ ಮನಿಯವರು ಬರ್ತಾರಂತನ?" ಎಂದು ಕೇಳಿದರು. ಅಕ್ಕ ಹೌದೆಂದು ತಲೆಯಾಡಿಸಿದಳು. ಬೀದಿಯಲ್ಲಿ ರಿಕ್ಷಾಗಳ ಸದ್ದು. ನಮ್ಮ ಮನೆಯವರು ಮೆಲ್ಲನೆ ಫ್ಯಾನಿನ ವೇಗ ಹೆಚ್ಚಿಸಿದರು.

ಹುಡುಗಿ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕುಂಚ ತೆಗೆದು, "ಕ್ಷ ಹ್ಯಾಂಗ ಬರೀಬೇಕು, ತೋರಸ್ರಿ" ಎಂದಳು. ಕಂಪ್ಯೂಟರಿನ ಅಕ್ಷರ ಬೇಡವಂತೆ, ಮೇಲಿನ ಸಾಲನ್ನು ಕೈಯಿಂದಲೇ ಬರೆಯುತ್ತಾಳಂತೆ. ಜೆ.ಜೆ.ಯಲ್ಲಿ ಕಲಿತು, ಭಾರತೀಯ ಲಿಪಿಗಳಿಗಾಗಿ ದುಡಿದು 2008ರಲ್ಲಿ ತೀರಿಕೊಂಡ ಆರ್.ಕೆ. ಜೋಶಿಯವರ ಬರಹಗಳನ್ನು ಅವಳಿಗೆ ಗುರುಗಳು ತೋರಿಸಿದ್ದರಂತೆ. ಓದು ಬಾರದವರಿಗೆಂದು ಮಾತ್ರೆಯ ಚಿತ್ರವನ್ನೂ ಆರು ತಿಂಗಳಿಗೆ ಆರು ಚಂದ್ರರನ್ನೂ ಬಿಡಿಸಿದಳು. 1960ರ ದಶಕದ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಹೀಗೆಯೇ ಅಕ್ಷರವಿಲ್ಲದೆ ಮನೆಮನೆ ಮುಟ್ಟಿತ್ತಲ್ಲವೆ? ಕ್ಷಕಾರ ಹದಿನಾಲ್ಕು ಸಲ ಕೆಟ್ಟು ಹದಿನೈದನೆಯ ಸಲ ಕೂತಿತು.

ಈ ಬಾರಿ ನಾವು ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ಓದಿದೆವು. ಮರುದಿನ ಅಚ್ಚಿನ ಅಂಗಡಿಗೆ ಅವಳನ್ನು ಸ್ಕೂಟರಿನ ಮೇಲೆ ಕರೆದುಕೊಂಡು ಹೋದವರು ಭಾವ. ಹಣವನ್ನೂ ತಾವೇ ಕೊಟ್ಟರಂತೆ. ಇಪ್ಪತ್ತರ ಬದಲು ಐವತ್ತು ಪ್ರತಿ ತೆಗೆಸಿದರಂತೆ. ಉಳಿದ ಮೂವತ್ತನ್ನು ಎಲ್ಲಿ ಹಚ್ಚಿದರೆಂದು ನಾವು ಕೇಳಲಿಲ್ಲ. ಕಲ್ಯಾಣದ ಅವರ ಕಟ್ಟಡದ ಕೆಳಗೆ, ಲಿಫ್ಟಿನ ಪಕ್ಕದಲ್ಲಿ ಒಂದನ್ನು ಮೊನ್ನೆ ನೋಡಿದೆವು.

ಉಮೇದವಾರಿ ಜುಲೈಯಲ್ಲಿ ಮುಗಿಯಿತು. ಈಗ ಭಾನುವಾರಗಳಂದು ಅವಳು ಕಾಪಿ ಪುಸ್ತಕ ಹಿಡಿದು ನಮ್ಮಲ್ಲಿಗೆ ಬರುತ್ತಾಳೆ. ಒತ್ತುಗಳು ಬಂದಿವೆ. ಋಕಾರ ಮಾತ್ರ ಇನ್ನೂ ಅವಳ ಮಾತು ಕೇಳುತ್ತಿಲ್ಲ.